ಕಾಣದ ಗಂಟು

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಬೆಳಗಾಯಿತೆಂದರೆ ಮಗ್ಗದ ಸದ್ದು. ಒಂದು ಸೀರೆ ಅಂಗಡಿ ಸೇರುವ ಮುನ್ನ ಎಷ್ಟೊಂದು ಕೈ ದಾಟುತ್ತದೆ! ನೂಲಿಗೆ ಬಣ್ಣ ಹಾಕುವವರು, ಹಾಸು ಸಿದ್ಧಪಡಿಸುವವರು, ಮನೆಗೆಲಸದ ನಡುವೆ ಕಂಡಿಕೆ ಸುತ್ತುವ ಹೆಣ್ಣುಮಕ್ಕಳು. ಎಳೆ ಹರಿದರೆ ನೇಕಾರ ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾನೆ. ಸೀರೆ ಉಟ್ಟವಳಿಗೆ ಆ ಗಂಟು ಕಾಣುವುದೇ ಇಲ್ಲ. ಆದರೂ ಅವನು ಬಿಗಿಯಾಗಿಯೇ ಹಾಕುತ್ತಾನೆ.

12ನೆಯ ಶತಮಾನದ ಶರಣರಿಗೆ ಇಂಥ ದುಡಿಮೆಯೇ ಪೂಜೆ. ಅವರಿಗಿಂತ ಹಿಂದಿನ ವಚನಕಾರ ಜೇಡರ ದಾಸಿಮಯ್ಯ ನೇಕಾರನೇ ಆಗಿದ್ದ. ಆದರೆ ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಇಟ್ಟರು. ಗಳಿಕೆಯಲ್ಲಿ ಇತರರಿಗೂ ಪಾಲಿದೆ ಎಂದರು. ಹೀಗಿರುವಾಗ, ನೇಕಾರನ ಶ್ರದ್ಧೆಯನ್ನು ಬಾಯ್ತುಂಬ ಹೊಗಳಿ ಕೂಲಿಯಲ್ಲಿ ಚೌಕಾಸಿ ಮಾಡುವ ವ್ಯಾಪಾರ ನನಗೆ ಒಪ್ಪಿಗೆಯಿಲ್ಲ. ಮಕ್ಕಳ ಶಾಲೆಯ ಫೀಜು, ಹಿರಿಯರ ಔಷಧಿ ಎಲ್ಲವೂ ಆ ಕೂಲಿಯಿಂದಲೇ ಬರಬೇಕು.