ತೂಕ ಇಳಿಯಲಿ, ಬಲ ಇಳಿಯದಿರಲಿ

(ಅಥಣಿ ರಸ್ತೆಯ ತೋಟದ ವಸತಿಯೊಂದರಲ್ಲಿ ಸಂಜೆ ನೀಡಿದ ಪ್ರವಚನ)



ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳಿದರು. ಮಾತಿನ ವಿಚಾರವನ್ನು ನಿನ್ನೆ ನೋಡಿದೆವು. ಇಂದು ಊಟದ ವಿಚಾರ. ಊಟ ಬಲ್ಲವನು ಎಂದರೆ ಯಾರು? ಹೆಚ್ಚು ಉಣ್ಣುವವನಲ್ಲ, ಊಟ ಬಿಡುವವನೂ ಅಲ್ಲ. ತನ್ನ ದೇಹಕ್ಕೆ ಯಾವುದು ಬೇಕು, ಎಷ್ಟು ಬೇಕು ಎಂಬುದನ್ನು ಅರಿತವನು. ಈ ಅರಿವು ಎಲ್ಲ ವಯಸ್ಸಿಗೂ ಬೇಕು. ಅರವತ್ತು ದಾಟಿದವರಿಗೆ ಇನ್ನೂ ಹೆಚ್ಚು ಬೇಕು.

ವಿಜಯಪುರದಿಂದ ಈ ರಸ್ತೆ ಹಿಡಿದು ಬಂದರೆ ತೊರವಿ, ತಿಕೋಟಾ. ಎರಡೂ ಬದಿಗೆ ದ್ರಾಕ್ಷಿಯ ಪಡಗಳು. ಆ ಕಡೆಗೆ ಬಬಲೇಶ್ವರದ ಎರೆಭೂಮಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಹುಟ್ಟಿದ ಸೀಮೆ ಇದು. ಇದೇ ಸೀಮೆ ಬರವನ್ನೂ ಕಂಡಿದೆ. 1972ರ ಬರದಲ್ಲಿ ಕಾಮಗಾರಿಗೆ ಹೋಗಿ ಮಣ್ಣು ಹೊತ್ತವರು, ಕಲ್ಲು ಒಡೆದವರು ಇಲ್ಲಿ ಕುಳಿತಿರಬಹುದು. ಅಂದು ಇಪ್ಪತ್ತರ ಪ್ರಾಯದವರು ಇಂದು ಎಪ್ಪತ್ತು ದಾಟಿದ್ದೀರಿ. ಅಂದು ಒಂದು ರೊಟ್ಟಿಯನ್ನು ನಾಲ್ವರು ಹಂಚಿಕೊಂಡು ಉಂಡಿರಿ. ಇಂದು ಬುಟ್ಟಿ ತುಂಬ ರೊಟ್ಟಿ ಇದೆ, ತಿನ್ನಲು ಅಂಜಿಕೆ! ಕಾಲ ಹೇಗೆ ತಿರುಗುತ್ತದೆ ನೋಡಿ.

ಅಂಜಿಕೆಗೆ ಕಾರಣವಿಲ್ಲ ಎಂದು ನಾವು ಹೇಳುವುದಿಲ್ಲ. ಮೊದಲು ಬೀಸುವ ಕಲ್ಲಿತ್ತು, ಬಾವಿಯ ನೀರಿತ್ತು, ಹೊಲಕ್ಕೆ ನಡಿಗೆಯಿತ್ತು. ಈಗ ಗಿರಣಿ ಬಂತು, ನಳ ಬಂತು, ಮೋಟರ್ ಸೈಕಲ್ ಬಂತು. ದುಡಿಮೆ ಇಳಿಯಿತು, ಊಟ ಇಳಿಯಲಿಲ್ಲ. ಮೈಗೆ ಬೊಜ್ಜು ಬಂತು, ಮೊಣಕಾಲಿಗೆ ನೋವು ಬಂತು, ಸಕ್ಕರೆ ಕಾಯಿಲೆ ಮನೆ ಹೊಕ್ಕಿತು. ಆಗ ಮಗನ ಮೊಬೈಲಿನಲ್ಲಿ ಯಾರೋ ಹೇಳುತ್ತಾರೆ: ರೊಟ್ಟಿ ಬಿಡಿ, ಅನ್ನ ಬಿಡಿ, ಬರೀ ರಸ ಕುಡಿಯಿರಿ, ತಿಂಗಳಲ್ಲಿ ತೆಳ್ಳಗಾಗುವಿರಿ. ಹೇಳುವವನಿಗೆ ಮೂವತ್ತು ವರ್ಷ, ಕೇಳುವವರಿಗೆ ಎಪ್ಪತ್ತು ವರ್ಷ. ಇಲ್ಲಿಯೇ ತಪ್ಪು ಆರಂಭ.

ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಅದನ್ನು ಮೊದಲು ಹೇಳಿಬಿಡುತ್ತೇವೆ. ಮಠಕ್ಕೆ ನಡೆದುಕೊಳ್ಳುವ ಒಬ್ಬ ತಾಯಿ ಇದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ, ಮೈ ಸ್ವಲ್ಪ ಭಾರ. ಒಂದು ಸೋಮವಾರ ಬಂದವರು ಬಹಳ ಹಿಗ್ಗಿನಿಂದ, “ಅಪ್ಪಾರ, ರೊಟ್ಟಿ ಬಿಟ್ಟೀನ್ರಿ, ಬ್ಯಾಳಿನೂ ಬಿಟ್ಟೀನಿ. ಮುಂಜಾನೆ ಸವತಿಕಾಯಿ ರಸ, ಸಂಜಿಗೆ ಒಂದ್ ಹಣ್ಣು. ಮೂರು ತಿಂಗಳಾಗ ಹನ್ನೊಂದು ಕಿಲೊ ಇಳದೀನ್ರಿ” ಎಂದರು. ನಾವು ಏನು ಮಾಡಬೇಕಾಗಿತ್ತು? ‘ತಾಯಿ, ವೈದ್ಯರನ್ನು ಕೇಳಿದಿರೇನು?’ ಎನ್ನಬೇಕಾಗಿತ್ತು. ನಾವು ಹಾಗೆ ಕೇಳಲಿಲ್ಲ. “ಭೇಷ್ ತಾಯಿ, ನಿಮ್ಮ ನಿಗ್ರಹ ದೊಡ್ಡದು” ಎಂದು ಹೊಗಳಿದೆವು. ಸ್ವಾಮಿಗಳು ಹೊಗಳಿದ ಮೇಲೆ ಮನೆಯವರ ಮಾತನ್ನು ಅವರೇಕೆ ಕೇಳಿಯಾರು? ಇನ್ನೂ ಎರಡು ತಿಂಗಳು ಅದನ್ನೇ ನಡೆಸಿದರು. ಒಂದು ಮುಂಜಾನೆ ಬಚ್ಚಲಿನಲ್ಲಿ ಏಳಹೋಗಿ ಕಣ್ಣಿಗೆ ಕತ್ತಲೆ ಕವಿದು ಬಿದ್ದರು. ಸೊಂಟದ ಬಳಿ ತೊಡೆಯ ಎಲುಬು ಮುರಿಯಿತು.

ಬಿದ್ದದ್ದು ಊಟ ಬಿಟ್ಟದ್ದರಿಂದಲೇ ಎಂದು ತೀರ್ಪು ಕೊಡಲು ನಾವು ವೈದ್ಯರಲ್ಲ. ನೋಡಿದ ವೈದ್ಯರು ಹೇಳಿದ್ದು ಇಷ್ಟು: ‘ಇವರ ಕಾಲಿನಲ್ಲಿ ಏಳುವ ಶಕ್ತಿಯೇ ಉಳಿದಿಲ್ಲ. ಊಟ ಅರ್ಧಕ್ಕಿಳಿದರೂ ಬಿ.ಪಿ. ಗುಳಿಗೆ ಮೊದಲಿನಷ್ಟೇ ನಡೆದಿದೆ.’ ಆ ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತದೆ. ಅಂದಿನಿಂದ ಈ ವಿಷಯವನ್ನು ಬಲ್ಲವರಲ್ಲಿ ಕೇಳಿ ತಿಳಿದುಕೊಂಡಿದ್ದೇವೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ನಿಮ್ಮ ತೋಟದ ದ್ರಾಕ್ಷಿಯನ್ನೇ ನೋಡಿ. ಸುಮಾರು ನಾಲ್ಕು ಕಿಲೊ ಹಣ್ಣು ಒಣಗಿಸಿದರೆ ಒಂದು ಕಿಲೊ ಒಣದ್ರಾಕ್ಷಿ. ಮೂರು ಕಿಲೊ ಎಲ್ಲಿ ಹೋಯಿತು? ನೀರು ಹೋಯಿತು, ಸಿಹಿ ಉಳಿಯಿತು. ಆದ್ದರಿಂದ ಅದಕ್ಕೆ ಬೆಲೆ. ನೀರಿನ ಜೊತೆ ಸಿಹಿಯೂ ಹೋಗಿದ್ದರೆ ಯಾರು ಕೊಳ್ಳುತ್ತಿದ್ದರು? ತಕ್ಕಡಿ ಎಷ್ಟು ಇಳಿಯಿತು ಎಂದು ಹೇಳುತ್ತದೆ. ಏನು ಇಳಿಯಿತು ಎಂದು ಹೇಳುವುದಿಲ್ಲ. ನಮ್ಮ ದೇಹವೂ ಹಾಗೆಯೇ. ಊಟ ಬಿಟ್ಟ ಮೊದಲ ವಾರ ಇಳಿಯುವುದರಲ್ಲಿ ಬಹುಪಾಲು ನೀರು. ಆಮೇಲೆ ಕೊಬ್ಬು ಕರಗುತ್ತದೆ, ಅದರ ಜೊತೆಗೆ ಮಾಂಸಖಂಡವೂ ಕರಗುತ್ತದೆ. ವಯಸ್ಸಾದಂತೆ ಮಾಂಸಖಂಡ ತಾನಾಗಿಯೇ ಕ್ಷೀಣಿಸುತ್ತ ಹೋಗುತ್ತದೆ. ಎಪ್ಪತ್ತರಲ್ಲಿ ಕಳೆದುಕೊಂಡದ್ದನ್ನು ಮರಳಿ ಪಡೆಯುವುದು ಬಲು ಕಷ್ಟ. ಮತ್ತೆ ಉಣ್ಣತೊಡಗಿದರೆ ಕೊಬ್ಬು ಬೇಗ ಬರುತ್ತದೆ, ಬಲ ಬೇಗ ಬರುವುದಿಲ್ಲ.

ಇದು ಬರಿಯ ದೃಷ್ಟಾಂತವಲ್ಲ. ಅಮೆರಿಕದಲ್ಲಿ 65 ದಾಟಿದ, ಬೊಜ್ಜು ಬಂದ 107 ಜನರ ಮೇಲೆ ಒಂದು ವರ್ಷ ಮಾಡಿದ ಪರೀಕ್ಷೆಯ ಫಲ 2011ರಲ್ಲಿ ಪ್ರಕಟವಾಯಿತು. ಊಟ ಮಾತ್ರ ಕಡಿಮೆ ಮಾಡಿದವರು ತೂಕದಲ್ಲಿ ಶೇಕಡಾ 10ರಷ್ಟು ಇಳಿದರು. ಊಟ ಕಡಿಮೆ ಮಾಡಿ ವ್ಯಾಯಾಮವನ್ನೂ ಮಾಡಿದವರು ಶೇಕಡಾ 9ರಷ್ಟು ಇಳಿದರು. ತಕ್ಕಡಿಗೆ ಇಬ್ಬರೂ ಒಂದೇ. ಒಳಗೆ ನೋಡಿದರೆ ಬೇರೆ. ಕೊಬ್ಬಲ್ಲದ ದೇಹಭಾಗ ಮೊದಲಿನವರಲ್ಲಿ ಶೇಕಡಾ 5 ಕರಗಿತ್ತು, ಎರಡನೆಯವರಲ್ಲಿ 3. ಸೊಂಟದ ಎಲುಬಿನ ಗಟ್ಟಿತನ ಮೊದಲಿನವರಲ್ಲಿ 2.6 ಇಳಿದಿತ್ತು, ಎರಡನೆಯವರಲ್ಲಿ 1.1. ಏಳುವ, ನಡೆಯುವ, ಹತ್ತುವ ಸಾಮರ್ಥ್ಯ ಮೊದಲಿನವರಲ್ಲಿ ಶೇಕಡಾ 12 ಹೆಚ್ಚಿತು, ಎರಡನೆಯವರಲ್ಲಿ 21. ಇನ್ನೊಂದು ಮಾತು ಮರೆಯಬೇಡಿ. ಅವರಾರಿಗೂ ಊಟ ಬಿಡಿಸಿರಲಿಲ್ಲ. ದಿನಕ್ಕೆ 500ರಿಂದ 750 ಕ್ಯಾಲೊರಿ ಮಾತ್ರ ತಗ್ಗಿಸಿ, ಪ್ರೊಟೀನನ್ನು ಕಾಯ್ದುಕೊಟ್ಟಿದ್ದರು.

ಹಾಗಾದರೆ ಮುಪ್ಪಿನಲ್ಲಿ ತೂಕ ಇಳಿಸಲೇಬಾರದೆ? ಹಾಗಲ್ಲ. ಮೊಣಕಾಲು ಸವೆದವರಿಗೆ ಒಂದು ಕಿಲೊ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ನಾಲ್ಕು ಕಿಲೊದಷ್ಟು ಕಡಿಮೆಯಾಗುತ್ತದೆ ಎಂದು 2005ರ ಒಂದು ಅಧ್ಯಯನ ತೋರಿಸಿತು. ಕಠಿಣ ಪಥ್ಯಕ್ಕೂ ಫಲವಿದೆ. ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆಯವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ ಕೊಟ್ಟು ನೋಡಿದರು. ವರ್ಷದ ಕೊನೆಗೆ ಅವರಲ್ಲಿ ಶೇಕಡಾ 46 ಜನರ ಸಕ್ಕರೆ ಗುಳಿಗೆಯಿಲ್ಲದೆ ಹತೋಟಿಗೆ ಬಂದಿತ್ತು ಎಂದು 2017ರಲ್ಲಿ ಪ್ರಕಟವಾಯಿತು. ಇದು ದೊಡ್ಡ ಮಾತು. ಆದರೆ ಅವರು ಯಾರು? 20ರಿಂದ 65 ವರ್ಷದವರು. ಕಾಯಿಲೆ ಬಂದು ಆರು ವರ್ಷದೊಳಗಿನವರು. ಇನ್ಸುಲಿನ್ ತೆಗೆದುಕೊಳ್ಳದವರು. ಮೊದಲ ದಿನವೇ ಅವರ ಸಕ್ಕರೆಯ, ಬಿ.ಪಿ.ಯ ಗುಳಿಗೆಗಳನ್ನು ನಿಲ್ಲಿಸಿ, ಮೇಲ್ವಿಚಾರಣೆಯಲ್ಲಿ ಇಟ್ಟುಕೊಂಡಿದ್ದರು. ಎಪ್ಪತ್ತೈದರ ಅಜ್ಜ ಗುಳಿಗೆಯನ್ನೂ ನುಂಗಿ ಊಟವನ್ನೂ ಬಿಟ್ಟರೆ ಅದು ಆ ಪಥ್ಯವಲ್ಲ, ಅಪಾಯ. ಸಕ್ಕರೆ ತೀರ ಇಳಿದು ಬೆವತು ಎಚ್ಚರ ತಪ್ಪಬಹುದು.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿ ಸ್ಥೂಲ ಶರೀರ, ಅತಿ ಕೃಶ ಶರೀರ ಎರಡನ್ನೂ ದೋಷವೆಂದೇ ಎಣಿಸಿದ್ದಾರೆ. ಸ್ಥೂಲನಿಗೆ ಹೇಳಿದ ಆಹಾರ ಯಾವುದು? ನವಣೆ, ಸಾವೆ, ಹಾರಕ, ಹೆಸರು, ಹುರುಳಿ. ಹೊಟ್ಟೆ ತುಂಬುತ್ತದೆ, ಕೊಬ್ಬು ಬೆಳೆಯುವುದಿಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯವೂ ಅತಿಯಾಗಿ ಉಣ್ಣುವವನಿಗೆ ಯೋಗವಿಲ್ಲ, ಉಣ್ಣದೇ ಇರುವವನಿಗೂ ಇಲ್ಲ ಎನ್ನುತ್ತದೆ. ಮಿತ ಎಂದರೆ ಅಳತೆ. ಬಿಡುವುದು ಸುಲಭ, ಅಳೆದು ಉಣ್ಣುವುದು ಕಷ್ಟ. ಆದ್ದರಿಂದ ಅದೇ ನಿಜವಾದ ನಿಗ್ರಹ. ಶ್ರಾವಣ ಸೋಮವಾರ ಒಪ್ಪತ್ತು ಇರುವುದು ಒಂದು ದಿನದ ಮಾತು. ಅದನ್ನು ತಿಂಗಳುಗಟ್ಟಲೆ ಎಳೆದರೆ ವ್ರತವಾಗುವುದಿಲ್ಲ.

ಈಗ ಅಳತೆಯ ಮಾತು. ಮುಪ್ಪಿನಲ್ಲಿ ಒಂದು ಕಿಲೊ ದೇಹತೂಕಕ್ಕೆ ದಿನಕ್ಕೆ ಒಂದು ಗ್ರಾಂ ಪ್ರೊಟೀನಾದರೂ ಬೇಕು ಎಂದು ಬಲ್ಲವರು ಹೇಳುತ್ತಾರೆ. 55 ಕಿಲೊ ತೂಗುವ ಅಜ್ಜಿಗೆ 55 ಗ್ರಾಂ. ಇದಕ್ಕೆ ಪೇಟೆಯ ಡಬ್ಬಿ ಬೇಕಿಲ್ಲ. ನಾಲ್ಕು ಜೋಳದ ರೊಟ್ಟಿಯಲ್ಲಿ ಸುಮಾರು 20 ಗ್ರಾಂ. ಎರಡು ಹೊತ್ತಿನ ಬೇಳೆ, ಕಾಳುಪಲ್ಯದಲ್ಲಿ 14. ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರಿನಲ್ಲಿ 12. ಒಂದು ಹಿಡಿ ಶೇಂಗಾದಲ್ಲಿ 6. ಉಳಿದದ್ದು ಪಲ್ಯ-ಸೊಪ್ಪಿನಲ್ಲಿ ಬಂತು. ತೂಕ ಇಳಿಸಬೇಕೆನ್ನುವವರು ಒಂದು ರೊಟ್ಟಿ ಕಡಿಮೆ ಮಾಡಿ ಕಾಳು ಹೆಚ್ಚಿಸಿರಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಕಾಳಿನ ಪ್ರಮಾಣ ಗೊತ್ತುಮಾಡಬೇಕು.

ಬಿಡಬೇಕಾದದ್ದು ಬೇರೆ ಇದೆ. ದಿನಕ್ಕೆ ಐದು ಕಪ್ಪು ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ ಅದರಲ್ಲಿಯೇ 200 ಕ್ಯಾಲೊರಿ! ಸಂಜೆಯ ಮಿರ್ಚಿ ಭಜಿ, ಚೂಡಾ, ಬೀಗರ ಮನೆಯ ಒತ್ತಾಯದ ಹೋಳಿಗೆ. ಮೊದಲು ಇವಕ್ಕೆ ಶರಣು ಹೇಳಿರಿ. ರೊಟ್ಟಿಯನ್ನು ಶತ್ರು ಮಾಡಬೇಡಿ.

ಅದರ ಜೊತೆ ಕಾಯಕ ಬೇಕು. ಕೈ ಊರದೆ ಖುರ್ಚಿಯಿಂದ ಹತ್ತು ಸಲ ಏಳಿ, ಕೂಡ್ರಿ. ಆಗದವರು ಮೊದಲು ಆಸರೆ ಹಿಡಿದು ಏಳಿ. ತೋಟದ ತನಕ ನಡೆಯಿರಿ, ಸಣ್ಣ ಕೊಡ ಎತ್ತಿರಿ. ಗುಳಿಗೆ ನುಂಗುವವರು ಪಥ್ಯಕ್ಕೆ ಮೊದಲೇ ವೈದ್ಯರಿಗೆ ಹೇಳಿರಿ. ಮತ್ತೆ, ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಹಿಗ್ಗಬೇಡಿ. ಒಳಗೆ ಕ್ಷಯವೋ ಸಕ್ಕರೆಯೋ ಮತ್ತಾವ ಬೇನೆಯೋ ಇರಬಹುದು, ತೋರಿಸಿಕೊಳ್ಳಿ. ಮಕ್ಕಳಿಗೂ ಒಂದು ಮಾತು. ತಂದೆ ತಾಯಿ ಊಟ ಬೇಡವೆಂದರೆ ‘ಒಳ್ಳೆಯದಾಯಿತು, ಇಳಿಯಲಿ’ ಎಂದು ಸುಮ್ಮನಿರಬೇಡಿ. ಏಕೆ ಬೇಡವೆಂದು ಹತ್ತಿರ ಕುಳಿತು ಕೇಳಿರಿ. ಹಲ್ಲು ನೋವೋ, ಮನಸ್ಸಿನ ನೋವೋ ಯಾರು ಬಲ್ಲರು?

ಆ ತಾಯಿ ಈಗ ಕೋಲು ಹಿಡಿದು ನಡೆಯುತ್ತಾರೆ. ಹೋದ ತಿಂಗಳು ಮಠಕ್ಕೆ ಬಂದಿದ್ದರು. ನಾವು ‘ತಾಯಿ, ಅಂದು ನಾವು ಹೊಗಳಬಾರದಾಗಿತ್ತು’ ಎಂದೆವು. ಅವರು ನಕ್ಕು, “ಇರಲಿ ಬಿಡ್ರಿ ಅಪ್ಪಾರ, ಪ್ರಸಾದಕ್ಕ ಹೊತ್ತಾತು, ನಡೀರಿ” ಎಂದರು. ಪಂಕ್ತಿಯಲ್ಲಿ ಕುಳಿತು ಒಂದೂವರೆ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಉಂಡರು. ಎಡೆಯಲ್ಲಿ ಒಂದಗುಳೂ ಉಳಿಯಲಿಲ್ಲ, ಹೆಚ್ಚಿಗೆ ನೀಡಿಸಿಕೊಳ್ಳಲೂ ಇಲ್ಲ. ಊಟ ಬಲ್ಲವರನ್ನು ನಾವು ಅಂದು ಕಂಡೆವು.

ನಿಮ್ಮ ಭಾರ ಇಳಿಯಲಿ, ಬಲ ಉಳಿಯಲಿ.