ಅವರವರ ಮಾತಿನಲ್ಲೇ ಕೇಳಿಸಿತು

ಪೆಂತೆಕೋಸ್ತ್ ಮಹೋತ್ಸವದ ಪ್ರಬೋಧನೆ
(ಪ್ರೇಷಿತರ ಕಾರ್ಯಕಲಾಪಗಳು 2:1-11, 1 ಕೊರಿಂಥ 12:3-7, 12-13, ಯೊವಾನ್ನ 20:19-23)



ಇಂದು ಧರ್ಮಸಭೆಯ ಹುಟ್ಟುಹಬ್ಬ. ಪಾರ್ಥಿಯರು, ಮೇದ್ಯರು, ಈಜಿಪ್ಟಿನವರು, ರೋಮಿನವರು, ಅರಬ್ಬರು ಹೀಗೆ ನಾನಾ ಸೀಮೆಯ ಜನ ಜೆರುಸಲೇಮಿನಲ್ಲಿ ಸೇರಿದ್ದರೆಂದು ಮೊದಲನೆಯ ವಾಚನದಲ್ಲಿ ಕೇಳಿದೆವು. ಆಗ ವ್ಯಾಪಾರಕ್ಕೆ, ಓದುಬರಹಕ್ಕೆ ಗ್ರೀಕ್ ಭಾಷೆ ದೂರದೂರದವರೆಗೂ ನಡೆಯುತ್ತಿತ್ತು, ಈಗಿನ ಇಂಗ್ಲಿಷಿನ ಹಾಗೆ. ಪವಿತ್ರಾತ್ಮರು ಪೇತ್ರರ ಬಾಯಿಂದ ಗ್ರೀಕಿನಲ್ಲೇ ಒಂದು ಪ್ರಸಂಗ ಮಾಡಿಸಿ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಪ್ರತಿಯೊಬ್ಬರಿಗೂ ತಾವು ಹುಟ್ಟಿದ ನಾಡಿನ ಮಾತಿನಲ್ಲೇ ದೇವರ ಮಹತ್ಕಾರ್ಯಗಳು ಕೇಳಿಸಿದವು.

ಯೇಸುಸ್ವಾಮಿ ಮನೆಯಲ್ಲಿ ಆಡುತ್ತಿದ್ದುದು ಅರಮಾಯಿಕ್ ಭಾಷೆ. ಶುಭಸಂದೇಶಗಳು ಬರೆಯಲ್ಪಟ್ಟದ್ದು ಗ್ರೀಕಿನಲ್ಲಿ. ಆದರೂ ಸಂತ ಮಾರ್ಕರು ಕೆಲವು ಮಾತುಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಯಾಯೀರನ ಮಗಳನ್ನು ಎಬ್ಬಿಸಿದ 'ತಲಿಥಾ ಕೂಮ್', ಗೆತ್ಸೆಮನೆ ತೋಪಿನಲ್ಲಿ ತಂದೆಯನ್ನು ಕರೆದ 'ಅಬ್ಬಾ', ಶಿಲುಬೆಯ ಮೇಲಿನ 'ಎಲೋಯಿ'. ಸಂಕಟದಲ್ಲಿ ದೇವಪುತ್ರನ ಬಾಯಿಗೆ ಬಂದದ್ದು ಮಾತೆ ಮರಿಯಳಿಂದ ಕಲಿತ ಮಾತು. ಗ್ರೀಕಿನಲ್ಲಿ ಪತ್ರಗಳನ್ನು ಬರೆದ ಸಂತ ಪೌಲರನ್ನು ದಮಸ್ಕದ ದಾರಿಯಲ್ಲಿ ಪುನರುತ್ಥಾನರಾದ ಪ್ರಭು ಕರೆದದ್ದು ಯಾವ ಭಾಷೆಯಲ್ಲಿ? ಯೆಹೂದ್ಯರ ಭಾಷೆಯಲ್ಲಿ ಎಂದು ಪೌಲರೇ ಹೇಳುತ್ತಾರೆ (ಪ್ರೇ.ಕಾ. 26:14).

ಪ್ರಿಯರೇ, ಕೆಲವು ವರ್ಷಗಳ ಹಿಂದೆ ಒಂದು ಸಂಜೆ ರೋಗಿಗಳ ಅಭ್ಯಂಗ ಕೊಡಲು ಒಂದು ಮನೆಗೆ ಹೋಗಿದ್ದೆ. ಅಜ್ಜಿ ಕೊನೆಯ ಗಳಿಗೆಯಲ್ಲಿದ್ದರು. ಎಂಟನೇ ತರಗತಿಯ ಮೊಮ್ಮಗ ಪಕ್ಕದಲ್ಲಿ ನಿಂತಿದ್ದ. ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳಿದರು. ಹುಡುಗ ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ: "ಫಾದರ್, ಅಜ್ಜಿ ಏನು ಹೇಳುತ್ತಿದ್ದಾರೆ?" ಅಜ್ಜಿಯ ಆಶೀರ್ವಾದವನ್ನು ಅವರ ಸ್ವಂತ ಮೊಮ್ಮಗನಿಗೆ ನಾನು ಅನುವಾದ ಮಾಡಬೇಕಾಯಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿಂದೆ ಒಂದು ಶಾಲೆಯ ಜವಾಬ್ದಾರಿ ನನ್ನ ಮೇಲಿದ್ದಾಗ, "ಮನೆಯಲ್ಲೂ ಮಕ್ಕಳ ಜೊತೆ ಇಂಗ್ಲಿಷಿನಲ್ಲೇ ಮಾತನಾಡಿ" ಎಂದು ತಂದೆತಾಯಿಗಳ ಸಭೆಯಲ್ಲಿ ಹೇಳಿದವನು ನಾನೇ. ಕನ್ನಡ ಮಾತನಾಡಿದ ಮಗುವಿಗೆ ದಂಡ ಹಾಕುವ ನಿಯಮಕ್ಕೆ ಸಹಿ ಹಾಕಿದವನೂ ನಾನೇ. ಒಳ್ಳೆಯದೆಂದು ನಂಬಿಯೇ ಮಾಡಿದೆ. ಆದರೆ ಅದು ತಪ್ಪು. ಆ ಮಾತನ್ನು ಇಂದು ಈ ಬಲಿಪೀಠದ ಮುಂದೆ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಏಕೆಂದರೆ ವಿಶ್ವಾಸ ಮೊದಲು ಬರುವುದು ಧರ್ಮೋಪದೇಶದ ತರಗತಿಯಿಂದಲ್ಲ, ಅಜ್ಜಿಯ ಮಡಿಲಿನಿಂದ. ತಿಮೊಥೇಯನ ವಿಶ್ವಾಸ ಮೊದಲು ಅವನ ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ನೆಲೆಸಿತ್ತೆಂದು ಸಂತ ಪೌಲರು ನೆನೆಯುತ್ತಾರೆ (2 ತಿಮೊ. 1:5). ಅಜ್ಜಿಯ ಮಾತೇ ಮೊಮ್ಮಗನಿಗೆ ತಿಳಿಯದಿದ್ದರೆ ಆ ಕೊಂಡಿ ಕಳಚುತ್ತದೆ.

ನಮ್ಮ ಧರ್ಮಸಭೆಗೂ ಇದು ಗೊತ್ತಿದೆ. 17ನೇ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಕನ್ನಡ ಕಲಿತದ್ದು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನಾವಿಧಿಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಪೂಜೆ ಲತೀನಿನಿಂದ ನಮ್ಮ ಮಾತಿಗೆ ಬಂತು. ಬಲಿಪೀಠಕ್ಕೆ ಬಂದ ಭಾಷೆಯನ್ನು ನಾವು ಅಡುಗೆಮನೆಯಿಂದ ಹೊರಗೆ ಹಾಕಬಹುದೇ?

"ಫಾದರ್, ಇಂಗ್ಲಿಷ್ ಇಲ್ಲದೆ ಮಕ್ಕಳಿಗೆ ಕೆಲಸ ಸಿಗುತ್ತದೆಯೇ?" ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಬಡತನದಲ್ಲಿ ಬೆಳೆದ ತಂದೆತಾಯಿಯ ಆತಂಕ ನನಗೆ ಅರ್ಥವಾಗುತ್ತದೆ. ಮಕ್ಕಳು ಇಂಗ್ಲಿಷ್ ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗಿಲ್ಲ. ನಮ್ಮ ಬೀದಿಗಳಲ್ಲಿ ಮೂರು ಭಾಷೆ ಆಡುವ ಮಕ್ಕಳು ಎಷ್ಟಿಲ್ಲ! ತಂದೆತಾಯಿಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮಗುವನ್ನು ಸಾಕಿದರೆ ಅದಕ್ಕೆ ಸಿಗುವುದು ಆಜ್ಞೆಗಳು ಮಾತ್ರ: ಬಾ, ಹೋಗು, ತಿನ್ನು, ಓದು. ಸಮಾಧಾನದ ಮಾತು, ಗಾದೆ, ಕಥೆ, ತಮಾಷೆ ಸಿಗುವುದಿಲ್ಲ.

ನಿಮ್ಮ ಮನೆಯ ಮಾತು ಕನ್ನಡವಿರಬಹುದು, ಕೊಂಕಣಿ, ತಮಿಳು, ತೆಲುಗು ಇರಬಹುದು. ಅದನ್ನೇ ಮಕ್ಕಳಿಗೆ ಕೊಡಿ. ಈ ಹಬ್ಬದಿಂದ ಮೂರು ಕೆಲಸ ಮಾಡೋಣ. ರಾತ್ರಿಯ ಜಪಸರವನ್ನು ಮನೆಮಾತಿನಲ್ಲಿ ಹೇಳೋಣ, ಒಂದು ದಶಕವನ್ನು ಮಕ್ಕಳಿಗೆ ಬಿಡೋಣ. ವಾರಕ್ಕೊಮ್ಮೆಯಾದರೂ ಮಕ್ಕಳನ್ನು ಅಜ್ಜಿ ತಾತನ ಬಳಿ ಕೂರಿಸೋಣ, ದೂರದಲ್ಲಿದ್ದರೆ ಫೋನಿನಲ್ಲಾದರೂ ಮಾತನಾಡಿಸೋಣ. ಮನೆಮಾತಿನಲ್ಲಿ ಶುಭಸಂದೇಶದ ನಾಲ್ಕು ಸಾಲು ಓದಲು ಕಲಿಸೋಣ.

ಪವಿತ್ರಾತ್ಮರು ನಮ್ಮ ಮನೆಗಳಿಗೆ ಇಳಿದು ಬರಲಿ. ಹಿರಿಯರು ಆಶೀರ್ವದಿಸುವಾಗ ನಮ್ಮ ಮಕ್ಕಳು ಆ ಮಾತನ್ನು ತಾವೇ ತಿಳಿದು "ಆಮೆನ್" ಎನ್ನುವಂತಾಗಲಿ.