ಕೂಸಿನ ನೆಗಡಿಗೆ ಬಿಸಿ ಹಬೆ ಬೇಡ

ತಾಯಂದಿರೇ, ಅಜ್ಜಿಯರೇ,

ಎಳೆಗೂಸು ಮೊದಲ ತಿಂಗಳುಗಳಲ್ಲಿ ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಮೂಗು ಕಟ್ಟಿದರೆ ಮೊಲೆ ಹಿಡಿಯಲೂ ಆಗದೆ ಅಳುತ್ತದೆ. ಆಗ ನಾವು ಕುದಿಯುವ ನೀರಿನ ಪಾತ್ರೆ ತಂದು ಹಬೆ ಕೊಡಲು ಹೋಗುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ನೆಗಡಿ ತಾನಾಗಿ ವಾಸಿಯಾಗುತ್ತದೆ. ಪಾತ್ರೆ ಉರುಳಿ ಸುಟ್ಟ ಗಾಯ ಹಾಗಲ್ಲ.

ಚಳಿಗಾಲದಲ್ಲಿ ಕೋಣೆಯ ಗಾಳಿ ಒಣಗಿದ್ದರೆ, ತಣ್ಣನೆಯ ಮಂಜು ಬಿಡುವ ಹ್ಯೂಮಿಡಿಫೈಯರ್ ಇಡಬಹುದು. ಕುದಿಸಿ ಆರಿಸಿದ ನೀರನ್ನೇ ಹಾಕಿ. ದಿನವೂ ಉಳಿದ ನೀರು ಚೆಲ್ಲಿ, ತೊಳೆದು, ಒಣಗಿಸಿ. ಇಲ್ಲವಾದರೆ ಒಳಗೆ ಬೂಷ್ಟು ಬೆಳೆದು ಅದೇ ಮಗುವಿನ ಉಸಿರಿಗೆ ಸೇರುತ್ತದೆ. ತೊಟ್ಟಿಲಿನಿಂದ ದೂರವಿಡಿ. ಗಾಳಿಯೇ ತೇವವಾಗಿರುವ ಮಳೆಗಾಲದಲ್ಲಿ ಅದು ಬೇಕಿಲ್ಲ.

ಯಂತ್ರವಿಲ್ಲವೆಂದು ಕೊರಗಬೇಡಿ. ಔಷಧದ ಅಂಗಡಿಯಲ್ಲಿ ಸಿಗುವ ಸಲೈನ್ ಮೂಗಿನ ಹನಿಯನ್ನು, ಹಾಲೂಡಿಸುವ ಮೊದಲು ಪ್ರತಿ ಹೊಳ್ಳೆಗೆ ಒಂದೆರಡು ತೊಟ್ಟು ಹಾಕಿ, ಮೆತ್ತನೆಯ ಬಟ್ಟೆಯಿಂದ ಒರೆಸಿ. ಎದೆಹಾಲನ್ನು ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ಕುಡಿಸಿ. ಮೂಗಿಗೆ ಎಣ್ಣೆ, ಎದೆಗೆ ಕರ್ಪೂರ, ತೊಟ್ಟಿಲ ಕೆಳಗೆ ಲೋಬಾನದ ಹೊಗೆ ಬೇಡವೇ ಬೇಡ.

ಮಗು ಶಾಂತವಾಗಿದ್ದಾಗ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳ ಮಗುವಿಗೆ 50 ಅಥವಾ ಹೆಚ್ಚು ಇದ್ದರೆ ಅದು ಬರೀ ನೆಗಡಿಯಲ್ಲ. ಉಸಿರೆಳೆದಾಗ ಪಕ್ಕೆ ಒಳಸೆಳೆದರೆ, ಹಾಲು ಬಿಟ್ಟರೆ, ತುಟಿ ನೀಲಿಯಾದರೆ, 2 ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಬೆಳಗಾಗಲಿ ಎಂದು ಕಾಯಬೇಡಿ.